ಅಲುಗದ ನೆಲ

ಮಗನೂ ನಾವೂ ಬುಧವಾರ ಪೇಠೆಯ ತಪಕೀರ್ ಗಲ್ಲಿಯಿಂದ ಬಿಡಿ ಸಾಮಾನು ತಂದು ಟ್ರಾನ್ಸಿಸ್ಟರ್ ಆಂಪ್ಲಿಫಾಯರೊಂದನ್ನು ಕಟ್ಟಿದೆವು. ಸದ್ದೇನೋ ಬಂದಿತು, ಬಲು ಕ್ಷೀಣ.

"ಎಮಿಟರಿನಲ್ಲಿ 1 ವೋಲ್ಟ್ ಇದೆ, ಪುಸ್ತಕ ಅದನ್ನು ನೆಲವೆನ್ನುತ್ತದಲ್ಲ?" ಎಂದ ಹುಡುಗ. ಕಡತಗಳನ್ನಷ್ಟೇ ಬಲ್ಲ ನಾವು ತಬ್ಬಿಬ್ಬಾದೆವು.

ಎರಡು ರಾತ್ರಿ ಓದಿದ ಮೇಲೆ ತಿಳಿಯಿತು: ಸಂಕೇತಕ್ಕೆ ನೆಲವೆಂದರೆ ಸೊನ್ನೆ ವೋಲ್ಟಲ್ಲ, ಅಲುಗದ ವೋಲ್ಟು. ಬೇಸಿನೊಡನೆ ಎಮಿಟರೂ ಅಲುಗಿದರೆ ವರ್ಧನೆ ಕುಗ್ಗುತ್ತದೆ. ಎಮಿಟರಿನಿಂದ ನೆಲಕ್ಕೆ 100 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದರೆ ಏಕಮುಖ ವಿದ್ಯುತ್ತು ಅದರಲ್ಲಿ ಹಾಯದು, ಸಂಕೇತದ ಅಲೆ ಹಾಯುತ್ತದೆ. 1 ವೋಲ್ಟ್ ಉಳಿಯುತ್ತದೆ, ಅಲುಗಾಟ ಅಡಗುತ್ತದೆ.

ಹಾಕಿದೆವು, ದನಿ ತುಂಬಿ ಬಂದಿತು.

ಪುಣೆ ಕಡಲಿಗಿಂತ ಸುಮಾರು 560 ಮೀಟರು ಮೇಲಿದೆ. ನಾವು ಕಾಲೂರಿದ್ದು ನೆಲವೇ. ಊರು ಬಿಟ್ಟು ಬಂದ ನಮಗೆ ಇದು ಮೊದಲೇ ಹೊಳೆಯಬೇಕಿತ್ತು.