ಇಲ್ಲದ ಪಾಳೇಗಾರನ ವಂಶಾವಳಿ

ನಮ್ಮ ಜಿಲ್ಲೆಯ ಒಂದು ಸಾರ್ವಜನಿಕ ಗ್ರಂಥಾಲಯದಲ್ಲಿ, ವಂಶಾವಳಿಗಳಿಗೆಂದು ಮೀಸಲಾದ 929 ಎಂಬ ವರ್ಗಾಂಕದ ಕೆಳಗೆ, ನಾನು ಬರೆದ ಒಂದು ತೆಳು ಪುಸ್ತಕವಿದೆ. ರಟ್ಟಿನ ಮೇಲೆ ನಮ್ಮ ಮನೆತನದ ಹೆಸರು, ಒಳಪುಟದಲ್ಲಿ ಗ್ರಂಥಾಲಯದ ನೇರಳೆ ಮೊಹರು, ಅದರ ಪಕ್ಕದಲ್ಲಿ ಕೈಬರಹದ ಪರಿಗ್ರಹಣ ಸಂಖ್ಯೆ. ಆ ಪುಸ್ತಕದ ಮೊದಲ ಅಧ್ಯಾಯ ಸುಳ್ಳು. ತಿಳಿಯದೆ ಆದ ತಪ್ಪು ಎಂದು ಬಹಳ ಕಾಲ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. ಆ ಸಮಾಧಾನವೂ ನಿಜವಾಗಿರಲಿಲ್ಲ ಎಂದು ಈಗ ಬರೆಯುತ್ತಿದ್ದೇನೆ.

ನಮ್ಮದು ಮಂಡ್ಯ ಜಿಲ್ಲೆಯ ಒಂದು ಹೊಸಹಳ್ಳಿ. ಮದುವೆ, ತಿಥಿ ಎಂದು ನಾಲ್ಕು ಜನ ಸೇರಿದ ಕಡೆಯಲ್ಲೆಲ್ಲ ದೊಡ್ಡಪ್ಪಂದಿರು ‘ನಾವು ಪಾಳೇಗಾರರ ಪೈಕಿ’ ಎನ್ನುತ್ತಿದ್ದರು. ಯಾವ ಪಾಳೇಗಾರ, ಎಲ್ಲಿಯವನು ಎಂದು ಯಾರೂ ಕೇಳುತ್ತಿರಲಿಲ್ಲ. ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತನಾದ ಮೇಲೆ, ಅಣ್ಣತಮ್ಮಂದಿರೆಲ್ಲ ಸೇರುವ ಮನೆದೇವರ ಹಬ್ಬಕ್ಕೆ ಒಂದು ವಂಶಾವಳಿ ಪುಸ್ತಕ ಆಗಬೇಕೆಂಬ ಮಾತು ಬಂತು. ಮೇಷ್ಟ್ರು ನೀನೇ ಮಾಡು ಎಂದರು. ನನಗೂ ಆಸೆಯಿತ್ತು.

ನಾನು ನೇರ ಹೋದದ್ದು ಗ್ರಂಥಾಲಯದ ಪರಾಮರ್ಶನ ವಿಭಾಗಕ್ಕೆ. ಬಿ.ಎಲ್. ರೈಸ್ 1886ರಿಂದ ಹೊರತಂದ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳು ಅಲ್ಲಿದ್ದವು. ನೋಡದವರಿಗಾಗಿ ಅವು ಹೇಗಿರುತ್ತವೆ ಎಂದು ಹೇಳಬೇಕು, ಏಕೆಂದರೆ ನನ್ನ ಅನಾಹುತ ಆ ಪುಸ್ತಕದ ಜೋಡಣೆಯ ಒಳಗೇ ನಡೆಯಿತು. ಶಾಸನಗಳಿಗೆ ತಾಲ್ಲೂಕುವಾರು ಸಂಖ್ಯೆ. ಇಂಗ್ಲಿಷ್ ಅನುವಾದ ಒಂದು ಭಾಗದಲ್ಲಿ, ರೋಮನ್ ಲಿಪಿಯ ಪಾಠ ಇನ್ನೊಂದು ಭಾಗದಲ್ಲಿ, ಕನ್ನಡ ಪಾಠ ಮತ್ತೊಂದು ಕಡೆ. ಮೂರನ್ನೂ ಕೂಡಿಸಿ ಓದಬೇಕೆಂದರೆ ದಪ್ಪ ಪುಸ್ತಕವನ್ನು ಮೂರು ಕಡೆ ಬೆರಳಿಟ್ಟು ತಿರುಗಿಸಬೇಕು.

ನಾನು ಸೂಚಿಯಲ್ಲಿ ಹೊಸಹಳ್ಳಿ ಹುಡುಕಿದೆ. ವಿಜಯನಗರದ ಕಾಲದ ಒಂದು ಕೆರೆ ಶಾಸನ ಸಿಕ್ಕಿತು. ಹೊಸಹಳ್ಳಿಯ ಒಬ್ಬ ಗೌಡ ಕೆರೆ ಕಟ್ಟಿಸಿದ್ದಕ್ಕೆ ಮೇಲಿನ ನಾಯಕರು ಗದ್ದೆಯನ್ನು ಕೊಡುಗೆಯಾಗಿ ಬಿಟ್ಟ ದಾಖಲೆ ಅದು. ಆ ಗೌಡನ ಹೆಸರು ನನ್ನ ಮುತ್ತಾತನ ಹೆಸರೇ! ಹಳೇ ಮೈಸೂರಿನ ಕಡೆ ತಾತನ ಹೆಸರನ್ನು ಮೊಮ್ಮಗನಿಗೆ ಇಡುವುದು ರೂಢಿ, ನಮ್ಮ ಮನೆಯಲ್ಲೂ ಹಾಗೆಯೇ. ಅಂದ ಮೇಲೆ ಈ ಹೆಸರು ಆ ಗೌಡನಿಂದಲೇ ಇಳಿದು ಬಂದಿರಬೇಕು ಎಂದು ಕೂತಲ್ಲೇ ತೀರ್ಮಾನಿಸಿಬಿಟ್ಟೆ. ಮಧ್ಯದಲ್ಲಿ ಮುನ್ನೂರು ವರ್ಷಕ್ಕೂ ಹೆಚ್ಚು ಅಂತರವಿತ್ತು, ಅಂದರೆ ಹತ್ತಕ್ಕೂ ಮಿಕ್ಕಿ ತಲೆಮಾರು. ಅಲ್ಲಿಗೊಂದು ಚುಕ್ಕೆ ಗೆರೆ ಎಳೆದೆ. ಹೆಸರು ಹೊಂದಿತು ಎಂಬುದನ್ನು ಆಧಾರವೆಂದು ಬರೆದ ವಿದ್ಯಾರ್ಥಿಗೆ ನಾನು ಅಂಕ ಕೊಡುತ್ತಿರಲಿಲ್ಲ. ತಿಮ್ಮೇಗೌಡ, ಬೋರೇಗೌಡ, ಚಿಕ್ಕೇಗೌಡ ಇಲ್ಲದ ಊರು ನಮ್ಮ ಸೀಮೆಯಲ್ಲಿ ಯಾವುದಿದೆ? ಹೊಸಹಳ್ಳಿ ಇಲ್ಲದ ತಾಲ್ಲೂಕಾದರೂ ಯಾವುದು?

ಇಷ್ಟೇ ಆಗಿದ್ದರೆ ಅವಸರದ ತಪ್ಪು ಎನ್ನಬಹುದಿತ್ತು. ಆದರೆ ಅದೇ ದಿನಗಳಲ್ಲಿ ನಾನು ಸೋದರತ್ತೆಯ ಮನೆಗೂ ಹೋಗಿದ್ದೆ. ತೊಂಬತ್ತರ ಹತ್ತಿರದ ಜೀವ, ಕಿವಿ ಕಣ್ಣು ಚುರುಕಾಗಿದ್ದವು. ಹೆಸರುಗಳನ್ನು ಬರೆದುಕೊಳ್ಳಲು ನೋಟ್‌ಬುಕ್ ತೆಗೆದೆ. ಪಾಳೇಗಾರರ ಮಾತು ಎತ್ತಿದಾಗ ಅತ್ತೆ ಕೈ ಅಲ್ಲಾಡಿಸಿದರು.

“ಯಾವ ಪಾಳೇಗಾರಿಕೆ ಕಣ್ ಮಗ? ಧಾತು ಈಶ್ವರದ ಬರದಲ್ಲಿ ಸಿರಾ ಸೀಮೆಯಿಂದ ಎದ್ದು ಬಂದೋರಂತೆ ನಾವು. ನಮ್ಮ ತಾತ ಆಗ ಸಣ್ಣ ಹುಡುಗ. ಅವರಪ್ಪ ಕಂಬಿ ಕೆಲಸಕ್ಕೆ ಮಣ್ಣು ಹೊತ್ತನಂತೆ. ಆಮೇಲೆ ಈ ಊರಿನ ಪಟೇಲರ ಮನೇಲಿ ಜೀತಕ್ಕೆ ನಿಂತನಂತೆ.”

ನಾನು ಅದನ್ನು ಬರೆದುಕೊಂಡೆ. ಆ ನೋಟ್‌ಬುಕ್ ಈಗಲೂ ನನ್ನ ಮೇಜಿನ ಮೇಲಿದೆ. ನೀಲಿ ಇಂಕಿನಲ್ಲಿ ಅತ್ತೆಯ ಮಾತು, ಅದರ ಮೇಲೆ ಪೆನ್ಸಿಲಿನಲ್ಲಿ ಅಡ್ಡಗೆರೆ, ಪಕ್ಕದಲ್ಲಿ ನನ್ನದೇ ಅಕ್ಷರದಲ್ಲಿ ‘ಆಧಾರವಿಲ್ಲ’ ಎಂಬ ಷರಾ. ಶಾಸನದ ಗೌಡನಿಗೆ ಕೇಳದ ಆಧಾರವನ್ನು ಅತ್ತೆಗೆ ಕೇಳಿದೆ. ಕಾರಣ ಸ್ಪಷ್ಟ. ಕೆರೆ ಕಟ್ಟಿಸಿದವನ ವಂಶ ಎಂದರೆ ಹಬ್ಬದ ದಿನ ಎಲ್ಲರಿಗೂ ಹೆಮ್ಮೆ, ಬರಕ್ಕೆ ಗುಳೆ ಬಂದು ಜೀತಕ್ಕೆ ನಿಂತವನ ವಂಶ ಎಂದರೆ ಅವಮಾನ ಎಂದು ಭಾವಿಸಿದೆ. ಆ ಭಾವನೆ ನನ್ನದು. ಅತ್ತೆಗೆ ಅಂಥ ಸಂಕೋಚ ಇರಲಿಲ್ಲ.

ಪುಸ್ತಕ ಅಚ್ಚಾಯಿತು, ಹಬ್ಬದಲ್ಲಿ ಹಂಚಿದೆವು, ಒಂದು ಪ್ರತಿಯನ್ನು ಗ್ರಂಥಾಲಯಕ್ಕೆ ಕೊಟ್ಟೆ. ಒಂದೆರಡು ವರ್ಷದಲ್ಲಿ ಪಕ್ಕದ ಊರಿನ ಜಾತ್ರೆಯ ಸ್ಮರಣ ಸಂಚಿಕೆಯಲ್ಲಿ ನನ್ನ ವಂಶವೃಕ್ಷದ ಚಿತ್ರ ಮರುಮುದ್ರಣವಾಯಿತು. ಅಲ್ಲಿ ಚುಕ್ಕೆ ಗೆರೆ ಇರಲಿಲ್ಲ. ಯಾರೋ ಅಂದವಾಗಿ ಕಾಣಲೆಂದು ಅದನ್ನು ಪೂರ್ತಿ ಗೆರೆ ಮಾಡಿದ್ದರು.

ಕೆರೆಗಳ ಬಗ್ಗೆ ಸಂಶೋಧನೆ ಮಾಡುತ್ತಿದ್ದ ಒಬ್ಬ ಹುಡುಗಿ ಆ ಸಂಚಿಕೆ ನೋಡಿ ನನಗೆ ಫೋನ್ ಮಾಡಿದಳು. “ಸಾರ್, ಶಾಸನದಲ್ಲಿ ಗದ್ದೆಯ ಎಲ್ಲೆ ಹೇಳಿದ್ದಾರಲ್ಲ, ಅದನ್ನ ನೋಡಿದ್ರಾ?” ಎಂದು ಬಹಳ ಮರ್ಯಾದೆಯಿಂದ ಕೇಳಿದಳು. ನೋಡಿರಲಿಲ್ಲ. ಅನುವಾದದಲ್ಲಿ ಎಲ್ಲೆಯ ವಿವರ ಬಿಟ್ಟಿದ್ದರು. ರೈಸ್ ಸಂಪುಟಗಳಲ್ಲಿ ಅನುವಾದಗಳು ಎಷ್ಟೋ ಕಡೆ ಸಂಕ್ಷಿಪ್ತ. ಕನ್ನಡ ಪಾಠ ತೆರೆದರೆ ಮೂಡಲಿಗೆ ಇಂಥ ಹಳ್ಳ, ತೆಂಕಲಿಗೆ ಇಂಥ ಊರು ಎಂದು ನಾಲ್ಕು ದಿಕ್ಕೂ ಇತ್ತು. ಆ ಊರುಗಳಲ್ಲಿ ಒಂದೂ ನಮ್ಮ ಸುತ್ತಿನದಲ್ಲ. ಅದು ಬೇರೆ ತಾಲ್ಲೂಕಿನ ಬೇರೆ ಹೊಸಹಳ್ಳಿ. ಹಳೆಯ ಸಂಪುಟಗಳಲ್ಲಿ ಮಂಡ್ಯ ಜಿಲ್ಲೆಯೇ ಇಲ್ಲ, ಅದು ಮೈಸೂರು ಜಿಲ್ಲೆಯಿಂದ ಬೇರೆಯಾದದ್ದು 1939ರಲ್ಲಿ. ಈಗಿನ ಕೆ.ಆರ್. ಪೇಟೆಯನ್ನು ಹಿಂದೆ ಅತ್ತಿಕುಪ್ಪೆ ಎನ್ನುತ್ತಿದ್ದರು. ಜಿಲ್ಲೆ, ತಾಲ್ಲೂಕುಗಳ ಹಳೆಯ ಮೇರೆಗಳನ್ನು ಗೆಜೆಟಿಯರ್‌ನಲ್ಲಿ ನೋಡಿಕೊಳ್ಳದೆ ಶಾಸನದ ಊರನ್ನು ಇಂದಿನ ನಕ್ಷೆಯಲ್ಲಿ ಹುಡುಕಬಾರದು ಎಂಬುದು ಮೊದಲ ಪಾಠವಾಗಬೇಕಿತ್ತು.

ಆಮೇಲೆ ನಾನು ಮತ್ತೆ ಗ್ರಂಥಾಲಯಕ್ಕೆ ಹೋದದ್ದು ಅತ್ತೆಯ ಮಾತು ಹಿಡಿದುಕೊಂಡು. ಆಗ ಅದೇ ಕಪಾಟುಗಳು ಬೇರೆಯಾಗಿ ಕಂಡವು. ಸಂವತ್ಸರಗಳ ಹೆಸರು ಅರುವತ್ತು ವರ್ಷಕ್ಕೊಮ್ಮೆ ಮರಳುತ್ತವೆ. ಧಾತು ಎಂದರೆ 1816 ಆಗಬಹುದು, 1876 ಆಗಬಹುದು, 1936 ಆಗಬಹುದು. ಆದರೆ ಧಾತು, ಈಶ್ವರ ಎರಡನ್ನೂ ಸೇರಿಸಿ ‘ಬರ’ ಎಂದಾಗ ಅದು 1876ರಿಂದ 78ರವರೆಗಿನ ಮಹಾಕ್ಷಾಮವೇ. ಅತ್ತೆ ಹುಟ್ಟುವುದಕ್ಕೆ ಐವತ್ತು ವರ್ಷ ಹಿಂದಿನದು. ಅದನ್ನು ಅವರು ಕೇಳಿದ್ದು, ಬರದಲ್ಲಿ ಸಣ್ಣ ಹುಡುಗನಾಗಿ ನಡೆದು ಬಂದ ತಾತನ ಬಾಯಿಂದಲೇ. ನಡುವೆ ಇನ್ನೊಬ್ಬರಿಲ್ಲ. ಇಷ್ಟು ಹತ್ತಿರದ ಸಾಕ್ಷಿಯ ಮೇಲೆ ನಾನು ‘ಆಧಾರವಿಲ್ಲ’ ಎಂದು ಬರೆದಿದ್ದೆ.

ಮೈಸೂರು ಸಂಸ್ಥಾನದ ಜನಗಣತಿ 1871ರಲ್ಲಿ 50 ಲಕ್ಷ 55 ಸಾವಿರ ಜನರನ್ನು ಎಣಿಸಿತು. ಹತ್ತು ವರ್ಷದ ಮೇಲೆ, 1881ರಲ್ಲಿ, ಎಣಿಕೆಗೆ ಸಿಕ್ಕವರು 41 ಲಕ್ಷ 86 ಸಾವಿರ. ಹುಟ್ಟಿದವರನ್ನು ಸೇರಿಸಿಯೂ ಎಂಟೂವರೆ ಲಕ್ಷಕ್ಕಿಂತ ಹೆಚ್ಚು ಕಡಿಮೆ! ಸಿರಾ ಇರುವ ತುಮಕೂರು ಜಿಲ್ಲೆ ಹೆಚ್ಚು ಏಟು ತಿಂದ ಜಿಲ್ಲೆಗಳಲ್ಲಿ ಒಂದು. ಇನ್ನು ‘ಕಂಬಿ ಕೆಲಸ’. ರೈಲು ಆಮೇಲಿನದಲ್ಲವೇ, ಅತ್ತೆಗೆ ಕಾಲ ಕಲೆಸಿಹೋಗಿದೆ ಎಂದು ನಾನು ಅಂದುಕೊಂಡಿದ್ದೆ. ಬೆಂಗಳೂರು–ಮೈಸೂರು ರೈಲು ದಾರಿಯ ಮಣ್ಣಿನ ಕೆಲಸ ಶುರುವಾದದ್ದೇ ಬರ ಪರಿಹಾರ ಕಾಮಗಾರಿಯಾಗಿ. ದಾರಿ ಹಂತಹಂತವಾಗಿ ತೆರೆದದ್ದು 1881–82ರಲ್ಲಿ, ಮದ್ದೂರು, ಮಂಡ್ಯದ ಮೇಲೆ. ಅಲ್ಲಿಂದ ನಮ್ಮ ಊರು ನಡೆದು ಹೋಗುವಷ್ಟು ದೂರ. ನಮ್ಮವರು ಇಲ್ಲೇ ಏಕೆ ನಿಂತರು ಎಂಬುದಕ್ಕೂ ಉತ್ತರ ಸಿಕ್ಕಿತು.

ಇನ್ನೊಂದು ಸಾಕ್ಷಿ ವರ್ಷವರ್ಷವೂ ಕಣ್ಣ ಮುಂದೆಯೇ ಇತ್ತು. ನಮ್ಮ ಮನೆದೇವರು ಇರುವುದು ಸಿರಾ ಕಡೆ. ಮಂಡ್ಯದ ನೀರಾವರಿ ಊರಿನಿಂದ ಮೀಸಲು ಕಟ್ಟಿಕೊಂಡು ಅಷ್ಟು ದೂರದ ಬಯಲುಸೀಮೆಯ ಗುಡಿಗೆ ಏಕೆ ಹೋಗುತ್ತೇವೆ ಎಂದು ನಾವು ಯಾರೂ ಕೇಳಿರಲಿಲ್ಲ. ಕುಟುಂಬದ ಮೂಲ ಹುಡುಕುವವರಿಗೆ ನಾನು ಈಗ ಮೊದಲು ಹೇಳುವ ಮಾತು ಇದೇ: ಮನೆದೇವರು ಎಲ್ಲಿದ್ದಾರೆ ನೋಡಿ. ಜನ ಊರು ಬಿಡುತ್ತಾರೆ, ಭಾಷೆಯ ಧಾಟಿ ಬಿಡುತ್ತಾರೆ, ಮನೆದೇವರನ್ನು ಸುಲಭಕ್ಕೆ ಬಿಡುವುದಿಲ್ಲ.

ಗ್ರಂಥಾಲಯದಿಂದ ಏನು ಸಿಗುವುದಿಲ್ಲ ಎಂಬುದೂ ತಿಳಿದಿರಬೇಕು. ಅಮೆರಿಕದಲ್ಲಿ ಜನಗಣತಿಯ ಮನೆಮನೆ ಪಟ್ಟಿಯನ್ನು 72 ವರ್ಷದ ನಂತರ ಸಾರ್ವಜನಿಕರಿಗೆ ತೆರೆಯುತ್ತಾರೆ, ಅಲ್ಲಿ ತಾತನ ಹೆಸರೇ ಸಿಗುತ್ತದೆ. ನಮ್ಮ ಹಳೆಯ ಜನಗಣತಿಯಿಂದ ಉಳಿದಿರುವುದು ಕೋಷ್ಟಕಗಳು, ವರದಿಗಳು. ಊರಿನ, ತಾಲ್ಲೂಕಿನ ಲೆಕ್ಕ ಸಿಗುತ್ತದೆ, ಮನುಷ್ಯನ ಹೆಸರು ಸಿಗುವುದಿಲ್ಲ. ಹೆಸರು ಬೇಕಾದರೆ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನ ಕೈಬರಹದ ಪಹಣಿ, ಮ್ಯುಟೇಶನ್ ಪುಸ್ತಕ, ಸಬ್‌ರಿಜಿಸ್ಟ್ರಾರ್ ಕಚೇರಿಯ ಕ್ರಯಪತ್ರಗಳು, ಹಳೆಯ ಶಾಲೆಯ ದಾಖಲಾತಿ ಪುಸ್ತಕ. ಮುತ್ತಾತನ ಹೆಸರಿಗೆ ಮೊದಲ ಬಾರಿ ಒಂದು ತುಂಡು ಹೊಲ ಬಂದ ಕ್ರಯಪತ್ರ ನನಗೆ ಹೀಗೆ ಸಿಕ್ಕಿತು. ಅದರಲ್ಲಿ ಅವನು ಹೆಬ್ಬೆಟ್ಟು ಒತ್ತಿದ್ದಾನೆ. ಇಂಕು ಹರಡಿ ಬೆರಳಿನ ಗೆರೆಗಳು ಅರ್ಧ ಮಾತ್ರ ಕಾಣುತ್ತವೆ. ಜೀತದ ಮನೆಯಲ್ಲಿ ಬೆಳೆದ ಹುಡುಗ ಹೊಲ ಕೊಂಡ ಕಾಗದ ಅದು. ನಮ್ಮ ಮನೆತನದಲ್ಲಿ ಹೆಮ್ಮೆ ಪಡಬೇಕಾದ ದಾಖಲೆ ಇದ್ದರೆ ಅದೊಂದೇ, ಅದು ನನ್ನ ಪುಸ್ತಕದಲ್ಲಿ ಇರಲಿಲ್ಲ.

ಹೆಳವರ ವಿಷಯ ಹೇಳದೆ ಮುಂದೆ ಹೋಗಲಾರೆ. ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಕೂತು ಗಂಟೆ ಬಾರಿಸುತ್ತ ಬಂದು, ತಮ್ಮ ಒಕ್ಕಲುಗಳ ಮನೆ ಮುಂದೆ ವಂಶ ಹಾಡಿ, ಹೊಸದಾಗಿ ಹುಟ್ಟಿದವರ ಹೆಸರು ಸೇರಿಸಿಕೊಂಡು, ಕಾಳು ಬಟ್ಟೆ ಪಡೆದು ಹೋಗುವವರು ಅವರು. ಅವರ ಬಗ್ಗೆ ನಾನು ಓದಿದ್ದು 1909ರಲ್ಲಿ ಬಂದ, ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಬಗೆಗಿನ ಥರ್ಸ್ಟನ್ನನ ಏಳು ಸಂಪುಟಗಳಲ್ಲಿ, ಟಿಪ್ಪಣಿ ಮಾಡಿಕೊಂಡು. ನಾನು ಹಾಗೆ ಓದಿದ ವರ್ಷವೇ ನಮ್ಮ ಕಣಕ್ಕೆ ಬಂದಿದ್ದ ಹೆಳವನನ್ನು ‘ಎಲ್ಲ ಪುಸ್ತಕದಲ್ಲಿ ಸಿಕ್ಕಿದೆ’ ಎಂದು ಕಾಳು ಹಾಕಿಸಿ ಕಳುಹಿಸಿದ್ದೆ. ಅವನು ಏನು ಹಾಡುತ್ತಿದ್ದನೋ ನಾನು ಕೂತು ಕೇಳಲಿಲ್ಲ. ಆಮೇಲೆ ವಿಚಾರಿಸಿದೆ. ಮಕ್ಕಳು ಆ ಕಸುಬು ಬಿಟ್ಟಿದ್ದಾರೆ, ಅವನ ಹೊತ್ತಿಗೆ ಯಾವ ನೆಂಟರ ಮನೆಯಲ್ಲಿದೆ ಎಂಬುದು ಇನ್ನೂ ತಿಳಿದಿಲ್ಲ.

ಅತ್ತೆಯ ಮುಂದೆ ಹೋಗಿ ಎಲ್ಲವನ್ನೂ ಹೇಳಿದೆ. ಅವರು ಬೈಯಲಿಲ್ಲ. “ನೀನು ಅವತ್ತೇ ಬರಕೊಂಡಿದ್ಯಲ್ಲ ಮಗ” ಎಂದರು. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಆಮೇಲೆ, ನಾನು ಕೇಳದೇ ಇದ್ದದ್ದನ್ನು ಅವರೇ ಹೇಳಿದರು. ಸಿರಾ ಸೀಮೆ ಬಿಟ್ಟಾಗ ಮುತ್ತಾತನ ತಾಯಿಯ ಜೊತೆ ನಾಲ್ಕು ಮಕ್ಕಳಿದ್ದವು, ಮಂಡ್ಯ ಸೇರಿದಾಗ ಉಳಿದದ್ದು ಎರಡು. ಹೆಣ್ಣುಮಗುವೊಂದನ್ನು ದಾರಿಯ ಗಂಜಿ ಕೇಂದ್ರದಲ್ಲಿ ಬಿಟ್ಟು ಬಂದರಂತೆ. ಆ ತಾಯಿಯ ಹೆಸರು, ತವರೂರು, ಎರಡೂ ಅತ್ತೆಗೆ ಗೊತ್ತಿತ್ತು. ನನ್ನ ಪುಸ್ತಕದ ವಂಶವೃಕ್ಷದಲ್ಲಿ ಒಬ್ಬಳೇ ಒಬ್ಬ ಹೆಂಗಸಿನ ಹೆಸರೂ ಇಲ್ಲ, ಇಷ್ಟನ್ನು ನೆನಪಿಟ್ಟುಕೊಂಡ ಅತ್ತೆಯದು ಸೇರಿ.

ಗ್ರಂಥಾಲಯದಿಂದ ಪುಸ್ತಕ ವಾಪಸ್ ಕೊಡಿ ಎಂದು ಕೇಳಿದೆ. ಪರಿಗ್ರಹಣ ಪುಸ್ತಕಕ್ಕೆ ಏರಿದ್ದನ್ನು ಹಾಗೆ ತೆಗೆಯಲು ಬರುವುದಿಲ್ಲ ಎಂದ ಗ್ರಂಥಪಾಲಕರು, ತಿದ್ದುಪಡಿ ಕೊಟ್ಟರೆ ಒಳಗೆ ಅಂಟಿಸುತ್ತೇವೆ ಎಂದರು. ಅದೇ ಸರಿ ಎಂದು ನನಗೂ ಅನ್ನಿಸಿತು. ತಪ್ಪೂ ತಿದ್ದುಪಡಿಯೂ ಒಟ್ಟಿಗೆ ಇರಲಿ. ಎಲ್ಲೆಯ ವಿವರ, ಸಂವತ್ಸರದ ಲೆಕ್ಕ, ಅತ್ತೆ ಹೇಳಿದ್ದನ್ನು ಅವರು ಹೇಳಿದ ಹಾಗೆಯೇ, ಯಾವ ದಿನ ಯಾರ ಮುಂದೆ ಹೇಳಿದರು ಎಂಬುದರ ಸಮೇತ ಬರೆದು ಕೊಟ್ಟಿದ್ದೇನೆ. ಸ್ಮರಣ ಸಂಚಿಕೆಯವರಿಗೂ ಒಂದು ಪ್ರತಿ ಕಳುಹಿಸಿದ್ದೇನೆ.

ಧಾತು ಈಶ್ವರದ ಬರದಲ್ಲಿ ಊರು ಬಿಟ್ಟ ಮನೆಗಳು ಹಳೇ ಮೈಸೂರಿನಲ್ಲಿ ನಮ್ಮದೊಂದೇ ಅಲ್ಲ. ನಿಮ್ಮ ಮನೆಯಲ್ಲೂ ಅಂಥ ಮಾತು ಇದ್ದರೆ, ಹಿರಿಯರು ಹೇಳಿದ ಹಾಗೆಯೇ, ಒಂದಕ್ಷರ ತಿದ್ದದೆ ಬರೆದು, ಹೇಳಿದವರ ಹೆಸರು ತಾರೀಕು ಹಾಕಿ, ಒಂದು ಪ್ರತಿಯನ್ನು ನಿಮ್ಮ ಊರಿನ ಗ್ರಂಥಾಲಯಕ್ಕೆ ಕೊಡಿ.