ವಿದ್ಯಾರ್ಥಿವೇತನದ ಎರಡು ಪತ್ರಗಳು

ರಾಜ್ಯಭಾರದ ವಿದ್ಯೆಗೂ ಪದವಿ ಕೊಡುವ ಶಾಲೆಗಳಿವೆಯೆಂದರೆ ನಮ್ಮ ಹಳಬರಲ್ಲಿ ಕೆಲವರು ನಗುವರು. ನಗತಕ್ಕ ಮಾತಲ್ಲ. 1905ರಲ್ಲಿ ಮೈಸೂರಿನ ಪ್ರಾಚ್ಯ ಗ್ರಂಥಭಂಡಾರದಲ್ಲಿ ಪಂಡಿತ ಶಾಮಾಶಾಸ್ತ್ರಿಗಳಿಗೆ ದೊರೆತು 1909ರಲ್ಲಿ ಅಚ್ಚಾದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಲೆಕ್ಕದ ಕಚೇರಿಗೆಂದೇ ಒಂದು ಪ್ರಕರಣವುಂಟು; ತೂಕ ಅಳತೆಗಳಿಗೆ ಮತ್ತೊಂದು. ಎಣಿಕೆ ಬಾರದವನಿಂದ ಆಳ್ವಿಕೆ ನಡೆಯದೆಂಬುದನ್ನು ಆ ಆಚಾರ್ಯನು ಬಲ್ಲನು. ಈಗಲಾದರೋ ಪಡಿತರದ ಅಕ್ಕಿಯಿಂದ ಪಿಂಚಣಿಯವರೆಗೆ ಆ ಎಣಿಕೆಯು ಕಂಪ್ಯೂಟರಿನ ಪಾಲಾಗಿದೆ. ಎರಡನ್ನೂ ಬಲ್ಲವರು ಬೇಕಾಗಿರುವುದು ಸಹಜವೇ ಸರಿ.

ನನ್ನ ತಂಗಿಯ ಮಗಳು ಬೆಂಗಳೂರಿನ ಕಂಪೆನಿಯೊಂದರಲ್ಲಿ ನಾಲ್ಕು ವರ್ಷ ದುಡಿದು, ಈ ಮಾರ್ಗವನ್ನು ಹಿಡಿಯಲು ಸಂಕಲ್ಪಿಸಿರುವಳು. ಅಮೇರಿಕದ ಎರಡು ಕಡೆಗಳಲ್ಲಿ ಅವಳಿಗೆ ಸ್ಥಳವು ದೊರೆತಿದೆ. ಚಿಕಾಗೋ ವಿಶ್ವವಿದ್ಯಾನಿಲಯದ ಹ್ಯಾರಿಸ್ ಶಾಲೆಯೂ ಕಂಪ್ಯೂಟರ್ ವಿಜ್ಞಾನದ ವಿಭಾಗವೂ ಕೂಡಿ ನಡೆಸುವ ಪದವಿಯು ಒಂದು. ಪಿಟ್ಸ್‌ಬರ್ಗಿನ ಕಾರ್ನೆಗೀ ಮೆಲನ್ ವಿಶ್ವವಿದ್ಯಾನಿಲಯದ ಹೈಂಜ್ ಕಾಲೇಜಿನದು ಇನ್ನೊಂದು. ಎರಡನೆಯದರಲ್ಲಿ, ಒಂದು ವರ್ಷ ಕಳೆದ ಮೇಲೆ ವಾಷಿಂಗ್‌ಟನ್ನಿಗೆ ಹೋಗಿ, ಹಗಲು ಕಚೇರಿಯಲ್ಲಿ ಕೆಲಸಮಾಡುತ್ತ ಸಂಜೆ ಪಾಠ ಕೇಳುವ ಕ್ರಮವೂ ಉಂಟು.

ಒಂದು ಶಾಲೆಯು ಮೊದಲನೆಯ ವರ್ಷದ ಶುಲ್ಕವನ್ನೆಲ್ಲ ಬಿಟ್ಟುಕೊಟ್ಟಿದೆ. ಎರಡನೆಯ ವರ್ಷದ ಮಾತು ಪರೀಕ್ಷೆಯ ಫಲದ ಮೇಲೆ ನಿಂತಿದೆ. ಮತ್ತೊಂದು ಎರಡು ವರ್ಷವೂ ಅರ್ಧ ಶುಲ್ಕವನ್ನು ಬಿಡುವುದು. ಯಾವುದು ಯಾರದೆಂಬುದು ಇಲ್ಲಿ ಅಪ್ರಸ್ತುತ. "ಮಾವ, ಪೂರ್ತಿ ಬಿಟ್ಟವರಲ್ಲಿಗೇ ಹೋಗುವುದಲ್ಲವೇ?" ಎಂದಳು ಹುಡುಗಿ. ಶುಲ್ಕವೇ ವೆಚ್ಚವಲ್ಲ. ಬಾಡಿಗೆ, ಊಟ, ಆರೋಗ್ಯವಿಮೆ ಇವೆಲ್ಲವೂ ಬೇರೆ. ಪಾಠಗಳು ನಡೆಯುವ ಕಾಲದಲ್ಲಿ ವಿದೇಶೀ ವಿದ್ಯಾರ್ಥಿಯು ವಿದ್ಯಾಲಯದೊಳಗೆ ವಾರಕ್ಕೆ 20 ಗಂಟೆಗಿಂತ ಹೆಚ್ಚು ದುಡಿಯುವಂತಿಲ್ಲ; ಆ ಸಂಪಾದನೆಯನ್ನು ನಂಬಿ ಹೊರಡುವುದು ಮಳೆಯನ್ನು ನಂಬಿ ಬೀಜವನ್ನೂ ಮಾರಿಕೊಂಡಂತೆ.

ಪದವಿಯ ಹೆಸರಿಗಿಂತ ಅಲ್ಲಿನ ಸರ್ಕಾರದ ಪಟ್ಟಿಯಲ್ಲಿ ಅದು ಯಾವ ವರ್ಗಕ್ಕೆ ಸೇರಿದೆಯೆಂಬುದು ಮುಖ್ಯ. ವ್ಯಾಸಂಗಾನಂತರದ 12 ತಿಂಗಳ ಕೆಲಸದ ಅನುಮತಿಗೆ, ವಿಜ್ಞಾನ ಗಣಿತಗಳ ವರ್ಗದ ಪದವಿಗಳಿಗೆ ಮಾತ್ರ ಮತ್ತೆ 24 ತಿಂಗಳನ್ನು 2016ರ ನಿಯಮವು ಕೂಡಿಸಿತು. ಆ ಬಳಿಕದ ದಾರಿ ಕಿರಿದು: ಎಚ್-1ಬಿ ಪರವಾನಗಿಯ ಹೊಸ ಅರ್ಜಿಗಳಿಗೆ ಒಂದು ಲಕ್ಷ ಡಾಲರನ್ನು ವಿಧಿಸುವ ಘೋಷಣೆಯು 2025ರ ಸೆಪ್ಟೆಂಬರಿನಲ್ಲಿ ಹೊರಟಿತು. ಆದುದರಿಂದ ಅಲ್ಲಿನ ಸಂಬಳದಿಂದಲೇ ಸಾಲವನ್ನು ತೀರಿಸುವೆನೆಂಬ ಲೆಕ್ಕವನ್ನು ನಾನು ಒಪ್ಪಲಾರೆ.

ತಂಗಿಯು ವಿಧವೆ, ಅವಳಿಗಿರುವ ಆಸ್ತಿ ಮನೆಯೊಂದೇ. ಬ್ಯಾಂಕಿನವರು ಕೇಳುವುದೂ ಅದನ್ನೇ. ಆದರೆ ನನಗೆ ಹೆಚ್ಚಿನ ಚಿಂತೆ ಬೇರೊಂದಿದೆ. ಇವಳು ಹೊರಟಿರುವುದು ಸರ್ಕಾರದ ಯಂತ್ರಗಳು ಬಡವನನ್ನು ಬಾಗಿಲಿನಿಂದ ಹಿಂದಕ್ಕೆ ಕಳುಹಿಸದಂತೆ ನೋಡಿಕೊಳ್ಳಲು. ಅಂಥ ಕೆಲಸಕ್ಕೆ ಸಂಬಳವು ಸ್ವಲ್ಪ. ದೊಡ್ಡ ಸಾಲವನ್ನು ಹೊತ್ತು ಬಂದವಳು ಮತ್ತೆ ಹಳೆಯ ಕಂಪೆನಿಯ ಬಾಗಿಲಿಗೇ ಹೋಗಬೇಕಾದೀತು. ಯಾವ ಶಾಲೆಯಲ್ಲಿ ಗಣಕವಿದ್ಯೆ ಹೆಚ್ಚೆಂದು ಅವಳು ತೂಗುತ್ತಿದ್ದಾಳೆ. ಪದವಿ ಪಡೆದ ದಿನ ಎಷ್ಟು ಋಣವಿರುವುದೆಂಬುದನ್ನು ನಾನು.

ಎರಡನೆಯ ವರ್ಷದ ಸಹಾಯಕ್ಕೆ ಎಷ್ಟು ಅಂಕ ಬೇಕು, ಹಿಂದಿನವರಲ್ಲಿ ಎಷ್ಟು ಮಂದಿಗೆ ಅದು ಮುಂದುವರಿಯಿತು, ಪದವಿಯ ವರ್ಗವೇನು ಎಂದು ಎರಡು ಕಡೆಗೂ ಬರೆಯಿಸಿದ್ದೇನೆ. ಒಂದು ಉತ್ತರವು ಬಂದಿದೆ. ಇನ್ನೊಂದು ಬರುವವರೆಗೆ ಮನೆಯ ಪತ್ರಗಳನ್ನು ಪೆಟ್ಟಿಗೆಯಿಂದ ತೆಗೆಯಬೇಡವೆಂದು ತಂಗಿಗೆ ಹೇಳಿದ್ದೇನೆ.