ಹರಾಜಿನಲ್ಲಿ ಕೊಂಡ ಫಲಕ

ಹಳೆಯ ಜಾಹೀರಾತಿನ ಫಲಕಗಳನ್ನು ಹರಾಜಿನಲ್ಲಿ ಕೊಳ್ಳುವ ಚಪಲವು ನಿವೃತ್ತನಾದ ಉಪಾಧ್ಯಾಯನಿಗೆ ತಕ್ಕುದಲ್ಲವೆಂದು ವಾಚಕಮಹಾಶಯರು ನಗಬಹುದು, ನಗಲಿ. ಪಾಂಡವಪುರದಲ್ಲಿ ಮುಚ್ಚಿಹೋದ ಅಂಗಡಿಯೊಂದರ ಸಾಮಾನುಗಳು ಹರಾಜಾಗುವುವೆಂದು ಕೇಳಿ ಶ್ರೀರಂಗಪಟ್ಟಣದಿಂದ ಹೋದೆನು. ಅಲ್ಲಿ ಮೈಸೂರು ಶ್ರೀಗಂಧದ ಸಾಬೂನಿನ ಫಲಕವೊಂದಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1916ರಲ್ಲಿ, ಬೆಂಗಳೂರಿನಲ್ಲಿ ಸ್ಥಾಪಿತವಾದ ಸಾಬೂನು ಕಾರ್ಖಾನೆಯ ಲಾಂಛನವಾದ ಶರಭವು, ಸಿಂಹದ ಒಡಲು ಆನೆಯ ಮುಖಗಳೊಡನೆ ಅದರಲ್ಲಿ ಇನ್ನೂ ಹೊಳೆಯುತ್ತಿತ್ತು. ಪಾಠಶಾಲೆಗೆ ಸೇರುವ ಮುನ್ನ ಅದೇ ಅಂಗಡಿಯ ಎದುರು ನಿಂತು ನಾನು ಕೂಡಿಸಿ ಓದಿದ ಮೊದಲ ಅಕ್ಷರಗಳು ಆ ಫಲಕದವು.

ಕಬ್ಬಿಣದ ತಗಡಿಗೆ ಗಾಜಿನ ಪುಡಿಯನ್ನು ಲೇಪಿಸಿ ಸುಮಾರು 800 ಡಿಗ್ರಿ ಶಾಖದಲ್ಲಿ ಸುಟ್ಟು ಮಾಡಿದುದರಿಂದ ಇಂತಹವುಗಳ ಬಣ್ಣವು ಬಿಸಿಲಿಗೆ ಸುಲಭವಾಗಿ ಮಾಸದು. ಗಾಜು ಚಕ್ಕೆಯೆದ್ದ ಕಡೆ, ಮೊಳೆಯ ತೂತಿನ ಸುತ್ತ, ತುಕ್ಕು ಹಿಡಿಯುವುದು. ಬೆರಳಾಡಿಸಿ ನೋಡಿ, ನಿಜವಾದುದೇ ಎಂದು ನಿಶ್ಚಯಿಸಿ, ಸವಾಲು ಕೂಗಿದೆನು. ಹಿಂದಿನಿಂದ ಯಾರೋ ನೂರು ನೂರಾಗಿ ಏರಿಸುತ್ತಿದ್ದರು. ತಿರುಗಿ ನೋಡದೆ ಹಟದಿಂದ ಕೂಗಿ 4,200 ರೂಪಾಯಿಗೆ ಗೆದ್ದೆನು.

ಬಳಿಕ ತಿರುಗಿದರೆ, ಸೋತವನು ಆ ಅಂಗಡಿಯವರ ಮಗ, ನನ್ನ ಶಿಷ್ಯ. ಸಾಲಕ್ಕಾಗಿ ಅಂಗಡಿಯನ್ನು ಕಳೆದುಕೊಂಡವನು. ನಾಚಿಕೆಯಿಂದ, “ನೀನೇ ತೆಗೆದುಕೊಳ್ಳಪ್ಪ, ಹಣ ಬೇಡ” ಎಂದೆನು.

“ಬೇಡ ಮೇಷ್ಟ್ರೇ, ನಿಮ್ಮನೇಲೇ ಇರಲಿ. ಕೂಗೋವಾಗ ಯೋಚನೆ ಮಾಡ್ಲಿಲ್ಲ. ಇದನ್ನ ತಗಲಿಹಾಕೋಕೆ ನನಗೆ ಗೋಡೆ ಎಲ್ಲಿದೆ?” ಎಂದನು.

ಫಲಕವು ಈಗ ನನ್ನ ಮನೆಯ ಜಗಲಿಯಲ್ಲಿದೆ. ಬಂದವರು ಮೆಚ್ಚಿ ಬೆಲೆಯನ್ನು ಕೇಳುತ್ತಾರೆ. ಬೆಲೆಯನ್ನು ಹೇಳುತ್ತೇನೆ, ಗೆದ್ದೆನೆಂದು ಹೇಳಲು ಮಾತ್ರ ನಾಲಗೆ ಏಳದು.